ಟೀ-ಶರ್ಟ್ ಶಾಖ ವರ್ಗಾವಣೆ ಮುದ್ರಣ: ಶಾಯಿ ಹಾಗೂ ಪ್ರಿಂಟರ್‌ಗಳ ಆಯ್ಕೆ – ಸ್ವಯಂ ಉದ್ಯೋಗಿಗಳಿಗೆ ಮಾಹಿತಿ

1. ಪೀಠಿಕೆ

ಶಾಲಾ ಕ್ರೀಡಾಕೂಟ, ಕಬಡ್ಡಿ ಮತ್ತು ಕ್ರಿಕೆಟ್ ಪಂದ್ಯಾವಳಿ, ಕನ್ನಡ ರಾಜ್ಯೋತ್ಸವ, ಜಾಥಾ ಮುಂತಾದ ಸಂದರ್ಭಗಳಲ್ಲಿ ಹೆಸರು, ಸಂಖ್ಯೆ ಹಾಗೂ ಲಾಂಛನ ಮುದ್ರಿತ ಟೀ-ಶರ್ಟ್‌ಗಳಿಗೆ ತಾಲ್ಲೂಕು ಕೇಂದ್ರಗಳಲ್ಲಿಯೂ ಬೇಡಿಕೆ ಇರುತ್ತದೆ. ವಿನ್ಯಾಸವನ್ನು ಮೊದಲು ಕಾಗದ ಅಥವಾ ಫಿಲ್ಮ್ ಮೇಲೆ ಮುದ್ರಿಸಿ, ಬಳಿಕ ಹೀಟ್ ಪ್ರೆಸ್ ಯಂತ್ರದ ಶಾಖ ಮತ್ತು ಒತ್ತಡದಿಂದ ಬಟ್ಟೆಗೆ ಇಳಿಸುವ ವಿಧಾನವನ್ನು ಶಾಖ ವರ್ಗಾವಣೆ ಮುದ್ರಣವೆಂದು ಕರೆಯಲಾಗುತ್ತದೆ. ಒಂದು ಕೊಠಡಿಯಲ್ಲಿ ಒಬ್ಬಿಬ್ಬರು ನಡೆಸಬಹುದಾದ ಉದ್ಯಮ ಇದಾಗಿದೆ.

ಮೊದಲು ಪ್ರಿಂಟರ್ ಖರೀದಿಸಿ, ಅನಂತರ ಅದಕ್ಕೆ ಹೊಂದುವ ಕೆಲಸವನ್ನು ಹುಡುಕಿದಲ್ಲಿ ಸಾಲದ ಹಣವು ಯಂತ್ರದಲ್ಲಿಯೇ ಸಿಲುಕಿ, ಕಂತಿನ ಹೊರೆ ಮಾತ್ರ ಉಳಿಯುವ ಸಂಭವವಿರುತ್ತದೆ. ಆದ್ದರಿಂದ ಮೊದಲು ಬಟ್ಟೆ, ಅದಕ್ಕೆ ತಕ್ಕ ಶಾಯಿ, ಆ ಶಾಯಿಗೆ ತಕ್ಕ ಪ್ರಿಂಟರ್ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

2. ಬಟ್ಟೆಯನ್ನು ಗುರುತಿಸುವುದು

ಕ್ರೀಡಾ ಜೆರ್ಸಿಗಳು ಬಹುತೇಕ ಪಾಲಿಯೆಸ್ಟರ್‌ನವು. ತಿರುಪ್ಪೂರಿನಿಂದ ಸಗಟಾಗಿ ಬರುವ ಟೀ-ಶರ್ಟ್‌ಗಳಲ್ಲಿ ಹತ್ತಿಯವು ಹೆಚ್ಚು. ಸಂದೇಹವಿದ್ದಲ್ಲಿ ಒಳಹೊಲಿಗೆಯಿಂದ ನೂಲೊಂದನ್ನು ತೆಗೆದು ಎಚ್ಚರಿಕೆಯಿಂದ ಸುಟ್ಟು ನೋಡಬಹುದು. ಹತ್ತಿಯು ಕಾಗದ ಸುಟ್ಟ ವಾಸನೆ ಬೀರಿ ಮೃದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಮಿಶ್ರ ನೂಲಿನಲ್ಲಿ ಎರಡೂ ಲಕ್ಷಣಗಳು ಕಂಡುಬರುತ್ತವೆ.

3. ಶಾಯಿಯ ವಿಧಗಳು ಮತ್ತು ತಕ್ಕ ಪ್ರಿಂಟರ್‌ಗಳು

ಅ) ಸಬ್ಲಿಮೇಷನ್ (ಉತ್ಪತನ) ಶಾಯಿ: ಸುಮಾರು 190 ರಿಂದ 205 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಈ ಶಾಯಿಯಲ್ಲಿರುವ ಬಣ್ಣವು ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಸೇರುತ್ತದೆ. ಮುದ್ರಣವು ಕೈಗೆ ತಟ್ಟುವುದಿಲ್ಲ, ಬಿರುಕು ಬಿಡುವುದಿಲ್ಲ. ಆದರೆ ಹತ್ತಿಗೆ ಈ ಬಣ್ಣ ಅಂಟುವುದಿಲ್ಲ, ಒಗೆದಾಗ ಹೊರಟುಹೋಗುತ್ತದೆ. ಈ ಶಾಯಿಯಲ್ಲಿ ಬಿಳಿ ಬಣ್ಣವಿಲ್ಲದ ಕಾರಣ ಬಿಳಿ ಅಥವಾ ತೀರ ತಿಳಿಬಣ್ಣದ ಬಟ್ಟೆಗೆ ಮಾತ್ರ ಬಳಸತಕ್ಕದ್ದು. ಹಳದಿ ಬಟ್ಟೆಯ ಮೇಲೆ ಮುದ್ರಿಸಿದ ನೀಲಿಯು ಹಸಿರಾಗಿ ಕಾಣುತ್ತದೆ.

ಇದಕ್ಕೆ ಪೀಜೋ ಹೆಡ್ ಇರುವ ಇಂಕ್‌ಜೆಟ್ ಪ್ರಿಂಟರ್ ಅವಶ್ಯಕ. ಎಪ್ಸನ್ ಪ್ರಿಂಟರ್‌ಗಳು ಈ ವರ್ಗಕ್ಕೆ ಸೇರಿವೆ. ಎಚ್‌ಪಿ ಹಾಗೂ ಕ್ಯಾನನ್ ಸಂಸ್ಥೆಗಳ ಸಾಮಾನ್ಯ ಮನೆಬಳಕೆಯ ಇಂಕ್‌ಜೆಟ್‌ಗಳು ಶಾಯಿಯನ್ನು ಕಾಯಿಸಿ ಚಿಮ್ಮಿಸುವುದರಿಂದ ಈ ಕೆಲಸಕ್ಕೆ ಒಗ್ಗುವುದಿಲ್ಲ. ಸಾಮಾನ್ಯ ಟ್ಯಾಂಕ್ ಪ್ರಿಂಟರ್‌ಗೆ ಈ ಶಾಯಿ ತುಂಬಿಸುವುದಾದಲ್ಲಿ, ಬೇರೆ ಶಾಯಿ ಬಳಸದ ಹೊಸ ಪ್ರಿಂಟರ್ ಆಗಿರಬೇಕು. ತಯಾರಕರ ವಾರಂಟಿ ದೊರೆಯದೆ ಹೋಗಬಹುದೆಂಬುದನ್ನೂ ಗಮನದಲ್ಲಿಡಬೇಕು.

ಆ) ಪಿಗ್ಮೆಂಟ್ ಶಾಯಿ ಮತ್ತು ಟ್ರಾನ್ಸ್‌ಫರ್ ಪೇಪರ್: ಹತ್ತಿ ಬಟ್ಟೆಗೆ ಒಂದೆರಡು ಪ್ರತಿ ಬೇಕಾದಾಗ ಈ ವಿಧಾನ ಅನುಕೂಲಕರ. ಪಿಗ್ಮೆಂಟ್ ಶಾಯಿಯು ಸಾಮಾನ್ಯ ಡೈ ಶಾಯಿಗಿಂತ ನೀರನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ತಿಳಿಬಣ್ಣದ ಬಟ್ಟೆಯ ಕಾಗದದಲ್ಲಿ ವಿನ್ಯಾಸವನ್ನು ಕನ್ನಡಿಬಿಂಬದಂತೆ ಮುದ್ರಿಸಬೇಕು; ಗಾಢಬಣ್ಣದ ಬಟ್ಟೆಯ ಕಾಗದದಲ್ಲಿ ನೇರವಾಗಿ ಮುದ್ರಿಸಬೇಕು. ಇಂಕ್‌ಜೆಟ್‌ಗೆಂದು ತಯಾರಿಸಿದ ಕಾಗದವನ್ನು ಲೇಸರ್ ಪ್ರಿಂಟರ್‌ಗೆ ಹಾಕಬಾರದು. ಕಾಗದದ ಲೇಪನವು ಒಳಗಿನ ಶಾಖಕ್ಕೆ ಕರಗಿ ಯಂತ್ರ ಕೆಡುತ್ತದೆ. ಈ ವಿಧಾನದ ಮುದ್ರಣವು ಪದೇ ಪದೇ ಒಗೆದಾಗ ಬಿರುಕು ಬಿಡುವುದರಿಂದ ಸಮವಸ್ತ್ರದಂತಹ ನಿತ್ಯಬಳಕೆಯ ಉಡುಪಿಗೆ ಸೂಕ್ತವಲ್ಲ.

ಇ) ಡಿಟಿಎಫ್ ಶಾಯಿ: ಬಣ್ಣದ ಶಾಯಿಗಳ ಜೊತೆಗೆ ಬಿಳಿ ಶಾಯಿಯನ್ನೂ ಫಿಲ್ಮ್ ಮೇಲೆ ಮುದ್ರಿಸಿ, ಅಂಟುಪುಡಿ ಉದುರಿಸಿ, ಅದನ್ನು ಕಾಯಿಸಿ ಕರಗಿಸಿದ ನಂತರ ಬಟ್ಟೆಗೆ ಒತ್ತಲಾಗುತ್ತದೆ. ಸಾಮಾನ್ಯವಾಗಿ 150 ರಿಂದ 160 ಡಿಗ್ರಿ ಶಾಖ ಹಾಗೂ 10 ರಿಂದ 15 ಸೆಕೆಂಡು ಸಾಕಾಗುತ್ತದೆ. ಹತ್ತಿ, ಪಾಲಿಯೆಸ್ಟರ್, ಕಪ್ಪು ಬಟ್ಟೆ ಎಲ್ಲಕ್ಕೂ ಹೊಂದುತ್ತದೆ. ಗಾಢಬಣ್ಣದ ಪಾಲಿಯೆಸ್ಟರ್ ಆದಲ್ಲಿ ಬಟ್ಟೆಯ ಬಣ್ಣವೇ ಶಾಖಕ್ಕೆ ಮೇಲೇರಿ ಬಿಳಿ ಭಾಗವನ್ನು ಕಲೆಮಾಡಬಹುದಾದ್ದರಿಂದ ಕಡಿಮೆ ಶಾಖದಲ್ಲಿ ಮೊದಲು ಪರೀಕ್ಷಿಸತಕ್ಕದ್ದು.

ಬಿಳಿ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದುದರಿಂದ ತಳದಲ್ಲಿ ಕೂರುತ್ತದೆ. ಯಂತ್ರವನ್ನು ಕೆಲವು ದಿನ ಬಳಸದೆ ಬಿಟ್ಟಲ್ಲಿ ಹೆಡ್ ಕಟ್ಟಿಕೊಳ್ಳುತ್ತದೆ. ಹೆಡ್ ಬದಲಾವಣೆ ದುಬಾರಿ ವೆಚ್ಚ. ಆದ್ದರಿಂದ ಪ್ರತಿನಿತ್ಯ ಕೆಲಸದ ಭರವಸೆ ಇಲ್ಲದವರು ಈ ಪ್ರಿಂಟರ್ ಖರೀದಿಸುವುದು ಹಿತಕರವಲ್ಲ. ಮೀಟರ್ ಲೆಕ್ಕದಲ್ಲಿ ಫಿಲ್ಮ್ ಮುದ್ರಿಸಿಕೊಡುವವರಿಂದ ಅದನ್ನು ತರಿಸಿಕೊಂಡು, ಕೇವಲ ಹೀಟ್ ಪ್ರೆಸ್‌ನೊಂದಿಗೆ ಉದ್ಯಮ ಆರಂಭಿಸಬಹುದಾಗಿದೆ.

4. ವೆಚ್ಚದ ಲೆಕ್ಕಾಚಾರ

ಹಲವರು ಶಾಯಿ ಮತ್ತು ಕಾಗದದ ಬೆಲೆಯನ್ನು ಮಾತ್ರ ಲೆಕ್ಕಹಾಕುತ್ತಾರೆ. ಕೆಟ್ಟುಹೋದ ಬಟ್ಟೆಯ ವೆಚ್ಚವನ್ನು ಬಿಡುತ್ತಾರೆ. ಉದಾಹರಣೆಗೆ, ತಲಾ ರೂ. 120 ರ 100 ಟೀ-ಶರ್ಟ್‌ಗಳಲ್ಲಿ 8 ಕೆಟ್ಟರೆ ರೂ. 960 ನಷ್ಟವಾಗುತ್ತದೆ. ಉಳಿದ 92 ಟೀ-ಶರ್ಟ್‌ಗಳ ಮೇಲೆ ತಲಾ ರೂ. 10 ಕ್ಕೂ ಹೆಚ್ಚು ಹೊರೆ ಬೀಳುತ್ತದೆ. ಇದರೊಂದಿಗೆ ಹೆಡ್ ಶುದ್ಧೀಕರಣಕ್ಕೆ ವ್ಯಯವಾಗುವ ಶಾಯಿ, ವಿದ್ಯುತ್, ಯಂತ್ರದ ಸವಕಳಿ, ಸಾಲದ ಬಡ್ಡಿ ಹಾಗೂ ಸ್ವಂತ ಕೂಲಿಯನ್ನು ಸೇರಿಸಿದ ನಂತರವೇ ಗ್ರಾಹಕರಿಗೆ ದರ ತಿಳಿಸತಕ್ಕದ್ದು.

5. ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

(1) ತಾವು ಮಾರಲಿರುವ ಬಟ್ಟೆಯನ್ನೇ ಮಾರಾಟಗಾರರಲ್ಲಿಗೆ ಒಯ್ದು, ತಮ್ಮೆದುರಿನಲ್ಲಿ ಮಾದರಿ ಮುದ್ರಿಸಿಕೊಳ್ಳುವುದು. ಒಂದು ದಿನ ಬಿಟ್ಟು, ಒಳಮೈ ಹೊರಗೆ ಮಾಡಿ ಕನಿಷ್ಠ 5 ಬಾರಿ ಒಗೆದು, ಎಳೆದು ಪರೀಕ್ಷಿಸುವುದು.

(2) ಶಾಯಿ, ಕಾಗದ ಮತ್ತು ಬಿಡಿಭಾಗಗಳು ಸಮೀಪದ ಪಟ್ಟಣದಲ್ಲಿ ದೊರೆಯುವುದೇ, ದುರಸ್ತಿಗೆ ತಂತ್ರಜ್ಞರು ಬರುವರೇ ಎಂಬುದನ್ನು ಲಿಖಿತವಾಗಿ ಪಡೆಯುವುದು.

(3) ಹೀಟ್ ಪ್ರೆಸ್‌ಗೆ ಭೂಸಂಪರ್ಕವುಳ್ಳ ಪ್ರತ್ಯೇಕ ಪವರ್ ಪ್ಲಗ್ ಒದಗಿಸುವುದು. ಮುದ್ರಣದ ನಡುವೆ ವಿದ್ಯುತ್ ಕಡಿತವಾದಲ್ಲಿ ಹೆಡ್ ಒಣಗುವ ಸಂಭವವಿರುವುದರಿಂದ ಪ್ರಿಂಟರ್‌ಗೆ ಯುಪಿಎಸ್ ಅಳವಡಿಸುವುದು.

(4) ಕರಾವಳಿ ಹಾಗೂ ಮಲೆನಾಡಿನಲ್ಲಿ ಮಳೆಗಾಲದ ತೇವವನ್ನು ಕಾಗದ, ಫಿಲ್ಮ್ ಮತ್ತು ಅಂಟುಪುಡಿ ಹೀರಿಕೊಳ್ಳುತ್ತವೆ. ಇವುಗಳನ್ನು ಬಿಗಿಮುಚ್ಚಳದ ಡಬ್ಬಿಗಳಲ್ಲಿಡುವುದು. ಒತ್ತುವ ಮುನ್ನ ಬಟ್ಟೆಯನ್ನು ಕೆಲವು ಸೆಕೆಂಡು ಕಾಯಿಸಿ ತೇವ ತೆಗೆಯುವುದು.

(5) ಅಂಟುಪುಡಿ ಕಾಯಿಸುವಾಗ ಹೊಗೆ ಬರುವುದರಿಂದ ಎಕ್ಸಾಸ್ಟ್ ಫ್ಯಾನ್ ಅಳವಡಿಸಿ ಮುಖಗವಸು ಧರಿಸುವುದು. ವಾಸದ ಕೋಣೆಯಲ್ಲಿ ಹಾಗೂ ಮಕ್ಕಳ ಸಮೀಪ ಈ ಕೆಲಸ ಮಾಡಬಾರದು.

6. ನೋಂದಣಿ ಮತ್ತು ಮಾಹಿತಿ

ಜುಲೈ 1, 2020 ರಿಂದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಉದ್ಯಮ್ ನೋಂದಣಿ ವ್ಯವಸ್ಥೆ ಜಾರಿಯಲ್ಲಿದ್ದು, ಅಧಿಕೃತ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಮಧ್ಯವರ್ತಿಗಳಿಗೆ ಹಣ ನೀಡುವ ಅವಶ್ಯಕತೆ ಇರುವುದಿಲ್ಲ. ಸಾಲದ ಅರ್ಜಿಯೊಂದಿಗೆ ದರಪಟ್ಟಿ ಸಲ್ಲಿಸುವ ಮುನ್ನ ಮೇಲ್ಕಂಡ ಒಗೆತದ ಪರೀಕ್ಷೆಯನ್ನು ಪೂರೈಸಿಕೊಳ್ಳಲು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.

ಸೂಚನೆ: ಮೇಲೆ ತಿಳಿಸಿದ ಶಾಖ ಹಾಗೂ ಸಮಯದ ಪ್ರಮಾಣಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಶಾಯಿ ಮತ್ತು ಕಾಗದದ ತಯಾರಕರು ನೀಡಿದ ಪ್ರಮಾಣವನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.