ಉತ್ತೇಜನದ ಹಣ, ಪೋಲಿನ ಲೆಕ್ಕ

ಅಧ್ಯಕ್ಷ ಬರಾಕ್ ಒಬಾಮ 2009ರ ಫೆಬ್ರುವರಿ 17ರಂದು ಡೆನ್ವರ್‌ನಲ್ಲಿ ಸಹಿ ಹಾಕಿದ ಆರ್ಥಿಕ ಚೇತರಿಕೆ ಕಾಯ್ದೆಯ ಅಂದಾಜು ವೆಚ್ಚ 78,700 ಕೋಟಿ ಡಾಲರ್. ಕೆಳಮನೆಯಲ್ಲಿ ರಿಪಬ್ಲಿಕನ್ ಪಕ್ಷದ ಒಬ್ಬರೂ ಅದಕ್ಕೆ ಮತ ಹಾಕಲಿಲ್ಲ. ಆ ಜೂನ್‌ನಲ್ಲೇ ಸೆನೆಟರ್ ಟಾಮ್ ಕೋಬರ್ನ್ ನೂರು ಯೋಜನೆಗಳನ್ನು ಹೆಕ್ಕಿ ಪೋಲಿನ ಪಟ್ಟಿ ಹೊರಡಿಸಿದರು.

ಇಂಥ ಆಕ್ಷೇಪಣೆ ಅಮೆರಿಕಕ್ಕೆ ಹೊಸತಲ್ಲ. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಡಬ್ಲ್ಯುಪಿಎ ಎಂಬ ಕಾಮಗಾರಿ ಸಂಸ್ಥೆಯ ಮೂಲಕ ನಿರುದ್ಯೋಗಿಗಳಿಗೆ ಕೆಲಸ ಕೊಡತೊಡಗಿದಾಗ, ಸಲಿಕೆಗೆ ಒರಗಿ ನಿಂತ ಕೂಲಿಯವನೇ ವ್ಯಂಗ್ಯಚಿತ್ರಕಾರರ ಗುರಿಯಾಗಿದ್ದ. ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನರಿಗೆ ಅದು ಕೂಲಿ ಕೊಟ್ಟಿತು. ನ್ಯೂಯಾರ್ಕಿನ ಲಗಾರ್ಡಿಯಾ ವಿಮಾನ ನಿಲ್ದಾಣವೂ ಅದರದೇ ದುಡ್ಡಿನಲ್ಲಿ ಎದ್ದದ್ದು. 1975ರಲ್ಲಿ ವಿಸ್ಕಾನ್ಸಿನ್‌ನ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ದುಂದುವೆಚ್ಚಕ್ಕೆಂದೇ 'ಗೋಲ್ಡನ್ ಫ್ಲೀಸ್' ಪ್ರಶಸ್ತಿ ಆರಂಭಿಸಿದರು. ಮೊದಲ ಬಲಿ, ಮನುಷ್ಯರು ಪ್ರೀತಿಯಲ್ಲಿ ಬೀಳುವುದೇಕೆ ಎಂಬ ಸಂಶೋಧನೆ. ಅವರ ಲೇವಡಿಗೆ ಗುರಿಯಾದ ವಿಜ್ಞಾನಿಯೊಬ್ಬರು ಮಾನನಷ್ಟ ಮೊಕದ್ದಮೆ ಹೂಡಿದರು. ಸದನದ ಹೊರಗೆ ಹಂಚುವ ಪತ್ರಿಕಾ ಹೇಳಿಕೆಗೆ ಸದನದ ರಕ್ಷಣೆ ಸಿಗದು ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೂ ಕೇಳಲು ವಿಚಿತ್ರವಾದದ್ದೆಲ್ಲ ವ್ಯರ್ಥ ಎಂಬ ಅಳತೆಗೋಲು ಬದಲಾಗಲಿಲ್ಲ.

ಅದರ ಪರಿಣಾಮವನ್ನು ಫ್ಲಾರಿಡಾದಲ್ಲಿ ನೋಡಬಹುದು. ಟಲಹಾಸಿ ಬಳಿಯ ಜಾಕ್ಸನ್ ಕೆರೆಯನ್ನು ಹೆದ್ದಾರಿ 27 ಸೀಳಿಕೊಂಡು ಹೋಗುತ್ತದೆ. ರಸ್ತೆ ದಾಟುವ ಆಮೆಗಳು ಚಕ್ರದಡಿ ಸಿಕ್ಕಿ ಸಾಯುತ್ತಿದ್ದವು. ಅವು ರಸ್ತೆಯ ಕೆಳಗಿನಿಂದ ಹಾಯಲೆಂದು 2009ರ ಕಾಯ್ದೆಯ ಹಣದಲ್ಲಿ 34 ಲಕ್ಷ ಡಾಲರಿನ ಸುರಂಗ ಮಂಜೂರಾಯಿತು. ಉತ್ತೇಜನದ ಪ್ರತಿ ಒಂದು ಲಕ್ಷ ಡಾಲರಿನಲ್ಲಿ ಇದರ ಪಾಲು ಅರ್ಧ ಡಾಲರೂ ಅಲ್ಲ. ಆದರೂ ಟಿ.ವಿ. ಚರ್ಚೆಗಳಲ್ಲಿ ಇಡೀ ಕಾಯ್ದೆಗೆ ಆಮೆಯೇ ಮುಖವಾಯಿತು. ಇದು ಜನರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಭಾವನೆ, ಏಕೆಂದರೆ ನಿಜವಾದ ನಷ್ಟ ಬೇರೆ ಕಡೆ ಇತ್ತು.

ಕ್ಯಾಲಿಫೋರ್ನಿಯಾದ ಸೌರಫಲಕ ಕಂಪನಿ ಸೊಲಿಂಡ್ರಾಗೆ 53.5 ಕೋಟಿ ಡಾಲರ್ ಸಾಲಕ್ಕೆ ಸರ್ಕಾರ ಜಾಮೀನು ನಿಂತಿತು. ಸಿಲಿಕಾನ್ ಫಲಕಗಳ ಬೆಲೆ ಕುಸಿಯಿತು, ಇದರ ಕೊಳವೆಯಾಕಾರದ ದುಬಾರಿ ಫಲಕ ಪೈಪೋಟಿಗೆ ನಿಲ್ಲಲಿಲ್ಲ, 2011ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವವರಿಗೆ ಸಹಾಯಧನ ನೀಡಿದ 300 ಕೋಟಿ ಡಾಲರಿನ ಯೋಜನೆಗೂ ಇದೇ ಕಾಯ್ದೆಯ 200 ಕೋಟಿ ಹೋಯಿತು. ಡೀಲರುಗಳು ಹಳೆಯ ಕಾರಿನ ಎಂಜಿನ್ ಆಯಿಲ್ ಬಸಿದು, ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಕಚ್ಚಿಕೊಂಡು ನಿಲ್ಲುವವರೆಗೆ ಓಡಿಸಬೇಕಿತ್ತು. ಹೇಗೂ ಕೆಲ ತಿಂಗಳಲ್ಲಿ ಕಾರು ಕೊಳ್ಳಲಿದ್ದವರೇ ಬೇಗ ಕೊಂಡರು, ಆಮೇಲೆ ಮಾರಾಟ ಅಷ್ಟೇ ಇಳಿಯಿತು ಎಂದು ಅರ್ಥಶಾಸ್ತ್ರಜ್ಞರಾದ ಅತಿಫ್ ಮಿಯಾನ್, ಅಮೀರ್ ಸೂಫಿ 2012ರಲ್ಲಿ ತೋರಿಸಿದರು.

ಇಲ್ಲಿಂದ ವಿಷಯದ ದಿಕ್ಕೇ ಬದಲಾಯಿತು. ಯಾವುದು ನಗೆಪಾಟಲು ಎಂಬ ಪ್ರಶ್ನೆ ಹಿಂದೆ ಸರಿದು, ಹಣ ಬಾರದಿದ್ದರೆ ಏನಾಗುತ್ತಿತ್ತು ಎಂಬುದು ಮುಂದೆ ಬಂತು. ರಾಜ್ಯಗಳ ನಡುವಿನ ವ್ಯತ್ಯಾಸವನ್ನು ಹಿಡಿದು ಗೇಬ್ರಿಯಲ್ ಚೊಡೊರೊ-ರೈಕ್ ಮತ್ತು ಸಂಗಡಿಗರು 2012ರಲ್ಲಿ ಲೆಕ್ಕ ಹಾಕಿದರು: ಬಡವರ ಆರೋಗ್ಯ ಯೋಜನೆ ಮೆಡಿಕೈಡ್‌ಗೆಂದು ರಾಜ್ಯಗಳಿಗೆ ಹೋದ ಪ್ರತಿ ಲಕ್ಷ ಡಾಲರಿಗೆ ಒಬ್ಬರಿಗೆ ಸುಮಾರು 3.8 ವರ್ಷ ಸಿಗುವಷ್ಟು ಉದ್ಯೋಗ. ಫೋಟೊ ತೆಗೆಯಲು ಏನೂ ಇಲ್ಲದ, ನೀರಸ ಹಣ ಅದು. ಡೇನಿಯಲ್ ವಿಲ್ಸನ್‌ಗೆ ಸಿಕ್ಕ ಉತ್ತರ ಉದ್ಯೋಗವೊಂದಕ್ಕೆ 1.25 ಲಕ್ಷ ಡಾಲರ್. ತಿಮೋತಿ ಕಾನ್ಲಿ, ಬಿಲ್ ಡ್ಯೂಪರ್ ಇದಕ್ಕಿಂತ ನಿರಾಶರು: ಉಳಿದದ್ದು ಹೆಚ್ಚಾಗಿ ಸರ್ಕಾರಿ ನೌಕರಿ ಎಂದರು. ಈ ಜಗಳ ಮುಗಿದಿಲ್ಲ.

ಉಸ್ತುವಾರಿಯೂ ಸುಧಾರಿಸಿತ್ತು. ಅರ್ಲ್ ಡೆವಾನಿ ನೇತೃತ್ವದ ಮಂಡಳಿ ಅನುದಾನಗಳ ವಿವರವನ್ನು ಜನರ ಮುಂದಿಟ್ಟಿತು. ಮೊದಲ ವರದಿಗಳಲ್ಲಿ ಭೂಪಟದಲ್ಲೇ ಇಲ್ಲದ ಕ್ಷೇತ್ರಗಳಿಗೆ ಹಣ ಹೋದಂತೆ ನಮೂದಾಗಿತ್ತು. ಹೊರಗಿನವರು ಅದನ್ನು ಹಿಡಿಯಲಾದದ್ದೂ ಲೆಕ್ಕ ಬಯಲಾಗಿದ್ದರಿಂದಲೇ.

ಕೋವಿಡ್ ಬಂದಾಗ ಈ ಪಾಠ ನಿಲ್ಲಲಿಲ್ಲ. 2020ರ ಸಂಬಳ ರಕ್ಷಣಾ ಸಾಲ ಯೋಜನೆಗೆ ಸುಮಾರು 80,000 ಕೋಟಿ ಡಾಲರ್ ಹೋಯಿತು. ಕೆಲಸ ಕಳೆದುಕೊಳ್ಳಲಿದ್ದವರಿಗೆ ತಲುಪಿದ್ದು ಅದರಲ್ಲಿ ಶೇ 23ರಿಂದ 34 ಮಾತ್ರ, ಉಳಿದದ್ದು ಮಾಲೀಕರು, ಷೇರುದಾರರು ಮುಂತಾದವರ ಪಾಲು ಎಂದು ಡೇವಿಡ್ ಆಟರ್ ಮತ್ತು ಸಂಗಡಿಗರು 2022ರಲ್ಲಿ ಕಂಡುಕೊಂಡರು. ಈ ಯೋಜನೆ ಮತ್ತು ವಿಪತ್ತು ಸಾಲಗಳಲ್ಲಿ 20,000 ಕೋಟಿ ಡಾಲರಿಗೂ ಹೆಚ್ಚು ವಂಚಕರ ಕೈ ಸೇರಿರಬಹುದೆಂದು ಸಣ್ಣ ಉದ್ದಿಮೆ ಇಲಾಖೆಯ ತನಿಖಾಧಿಕಾರಿ 2023ರಲ್ಲಿ ವರದಿ ಮಾಡಿದರು. ಯಾವ ಅಂಗಡಿಗೆ ನಿಜಕ್ಕೂ ಪೆಟ್ಟು ಬಿದ್ದಿದೆ, ಯಾರ ಸಂಬಳ ನಿಂತಿದೆ ಎಂದು ತಕ್ಷಣ ತಿಳಿಯುವ ಆಡಳಿತ ವ್ಯವಸ್ಥೆ ಇತರ ಹಲವು ಶ್ರೀಮಂತ ದೇಶಗಳಲ್ಲಿತ್ತು, ಅಮೆರಿಕದಲ್ಲಿ ಇರಲಿಲ್ಲ. ಅದಿಲ್ಲದೆ ಬೇಗ ಹಂಚಬೇಕೆಂದರೆ ಎಲ್ಲರಿಗೂ ಹಂಚುವುದೊಂದೇ ದಾರಿಯಾಗಿತ್ತು ಎನ್ನುತ್ತದೆ ಆಟರ್ ತಂಡ.