ನೌಕರಿ ಕೇಳಿದವರ ಬಿಟ್ಟಿ ದುಡಿಮೆ

ನಮ್ಮ ನಾಗಲಗಿದ್ದ ಸೀಮೆಯವರು ಮನಿಯಾಗ ಕನ್ನಡ ಆಡ್ತೀವಿ, ಕಚೇರಿಯಾಗ ತೆಲುಗು. 1956ಕ್ಕಿಂತ ಮೊದಲು ನಾರಾಯಣಖೇಡ, ಜಹೀರಾಬಾದ ಎರಡೂ ಬೀದರ ಜಿಲ್ಲೆಯೊಳಗೇ ಇದ್ದವು. ಭಾಷೆ ನೋಡಿ ರಾಜ್ಯ ಒಡೆದಾಗ ಬೀದರ ಮೈಸೂರಿಗೆ ಹೋಯಿತು, ನಾವು ಮೆದಕ ಜಿಲ್ಲೆಗೆ ಬಿದ್ದೆವು. ಊರು ಇದ್ದಲ್ಲೇ ಇತ್ತು. ನೌಕರಿಗೆ ಅರ್ಜಿ ಹಾಕುವ ಊರು ಮಾತ್ರ ಬದಲಾಯಿತು.

ಈ ನೌಕರಿಯ ಜಗಳ ಅದಕ್ಕೂ ಹಳೇದು. ನಿಜಾಮರು 1919ರಲ್ಲಿ ಫರ್ಮಾನು ಹೊರಡಿಸಿ ಸರಕಾರಿ ಚಾಕರಿ ಮುಲ್ಕಿಗಳಿಗೆ, ಅಂದರೆ ಈ ನೆಲದವರಿಗೆ ಅಂದರು. ಹೊರಗಿನವರೇ ಬಂದು ಕುಂತರು ಅಂತ 1952ರಲ್ಲಿ ಹುಡುಗರು ಬೀದಿಗೆ ಇಳಿದರು, 1969ರಲ್ಲಿ ಮತ್ತೆ ಇಳಿದರು. ಗುಂಡಿಗೆ ಜೀವ ಹೋದವು. ಮುಂದೆ ತೆಲಂಗಾಣದ ಹೋರಾಟದಾಗ ನೀರು, ನಿಧಿ, ನೇಮಕ ಅಂತ ಮೂರು ಮಾತು ಊರೂರಿಗೆ ಬಂದವು. ನಾನೂ ದಪ್ಪು ಹಿಡಿದು ಕಟ್ಟೆ ಮ್ಯಾಲೆ ನಿಂತು ಹಾಡಿದವನೇ. ನೇಮಕ ಅನ್ನೋ ಮಾತು ಬಂದಾಗ ಹುಡುಗರ ಚಪ್ಪಾಳೆ ಜೋರು ಇರತಿತ್ತು, ಅದು ಇನ್ನೂ ನನ್ನ ಕಿವಿಯಾಗ ಅದ.

ಇಷ್ಟು ವರ್ಷದ ಜಗಳ ಎಲ್ಲಾ ನೌಕರಿ ಯಾರಿಗೆ ಅನ್ನೋದರ ಮ್ಯಾಲೆ. ಸಿಗದವರು ಕಳಕೊಂಡ ದಿನಗಳನ್ನು ಯಾರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ.

2014ರ ಜೂನ್ 2ಕ್ಕೆ ರಾಜ್ಯ ಬಂತು. ಹೊಸ ರಾಜ್ಯದ ಮೊದಲ ಗ್ರೂಪ್-1 ಪ್ರಕಟಣೆ ಬರಬೇಕಾದರೆ 2022ರ ಏಪ್ರಿಲ್ ಆಯಿತು. ಹುದ್ದೆ 503, ಅರ್ಜಿ 3.80 ಲಕ್ಷ. ಒಂದು ಕುರ್ಚಿಗೆ ಏಳುನೂರೈವತ್ತು ಮಂದಿ. ಅಕ್ಟೋಬರ್ 16ಕ್ಕೆ 2.85 ಲಕ್ಷ ಮಂದಿ ಬರೆದರು. ಪ್ರಶ್ನೆಪತ್ರಿಕೆ ಸೋರಿತ್ತು ಅಂತ 2023ರ ಮಾರ್ಚಿನಾಗ ಅದು ರದ್ದು. ಜೂನ್ 11ಕ್ಕೆ ಮತ್ತೆ ಪರೀಕ್ಷೆ, 2.33 ಲಕ್ಷ ಮಂದಿ. ಬೆರಳಚ್ಚು ತಗೊಂಡಿಲ್ಲ ಅನ್ನೋ ತಕರಾರು ಹೈಕೋರ್ಟಿಗೆ ಹೋಗಿ ಸೆಪ್ಟೆಂಬರಿನಾಗ ಅದೂ ರದ್ದು. 2024ರ ಫೆಬ್ರವರಿಯಾಗ ಹಳೇ ಪ್ರಕಟಣೆ ತೆಗೆದುಹಾಕಿ 563 ಹುದ್ದೆಗೆ ಹೊಸದು. ಜೂನ್ 9ಕ್ಕೆ 3.02 ಲಕ್ಷ ಮಂದಿ ಬರೆದರು. ಇಷ್ಟೂ ಬರೇ ಪ್ರಿಲಿಮ್ಸ್, ಜರಡಿ ಹಿಡಿಯೋ ಕೆಲಸ.

ಒಕ್ಕಲಿಗನ ಲೆಕ್ಕ ಹಾಕಿ ನೋಡಿದೆ. ಒಬ್ಬೊಬ್ಬರದು ಪರೀಕ್ಷೆಯ ಒಂದೇ ದಿನ ಹೋಯಿತು ಅಂತ ಹಿಡಿದರೂ ಮೂರು ಸಲ ಸೇರಿ 8.20 ಲಕ್ಷ ದಿನ. ವರ್ಷ ಮಾಡಿದರೆ 2,200 ಮೀರತದ. ಓದಿದ ರಾತ್ರಿಗಳು, ಹೈದರಾಬಾದಿನ ಅಶೋಕನಗರದ ಖೋಲಿ ಬಾಡಿಗೆ, ಕೋಚಿಂಗ್ ಫೀಸು, ಅಪ್ಪ ಮಾರಿದ ಎತ್ತು ಇದರಾಗ ಇಲ್ಲ. ಮ್ಯಾಲೆ, ಆ ಪರೀಕ್ಷೆ ತೆಲುಗು, ಇಂಗ್ಲಿಷ್, ಉರ್ದುವಿನಾಗ ಮಾತ್ರ. ನಮ್ಮ ಮಕ್ಕಳು ಮನಿ ಮಾತು ಬದಿಗಿಟ್ಟು ಮೊದಲು ಆ ಭಾಷೆ ಗಟ್ಟಿ ಮಾಡಬೇಕು, ಆಮ್ಯಾಲೆ ವಿಷಯ.

ನಮ್ಮ ಅಜ್ಜನ ಕಾಲದಾಗ ದೊರೆಗಳ ಗಡಿಯಾಗ ವೆಟ್ಟಿಚಾಕರಿ ಇತ್ತು. ಕೂಲಿ ಇಲ್ಲದ ದುಡಿಮೆ. ಆದರೂ ಹೊಲ ಹಸನಾಗತಿತ್ತು, ಕಾಳು ಯಾರದೋ ಕಣಜ ಸೇರತಿತ್ತು. ರದ್ದಾದ ಪರೀಕ್ಷೆಯಿಂದ ಯಾರ ಕಣಜ ತುಂಬಿತು?

ಓದು ಎಂದೂ ಹಾಳಲ್ಲ ಅಂತ ನಮ್ಮ ಮಾಸ್ತರರು ಅಂತಾರ. ಮೊದಲ ಸಲ ಓದಿದ್ದು ಹಾಳಲ್ಲ, ಒಪ್ಪಿದೆ. ಅದೇ ಪುಸ್ತಕ ಮೂರನೇ ಸಲ ಬಾಯಿಪಾಠ ಮಾಡೋದು ಬಿತ್ತಿದ ಸಾಲನ್ನೇ ಹರಗಿ ಮತ್ತೆ ಬಿತ್ತಿದ ಹಾಂಗ. ಜರಡಿ ಬ್ಯಾಡ ಅಂತ ನಾನು ಅನ್ನಲ್ಲ, ವಶೀಲಿಗಿಂತ ಪರೀಕ್ಷೆ ಎಷ್ಟೋ ಮೇಲು. ಒಂದೇ ಸಲ, ಸರಿಯಾಗಿ ಹಿಡೀರಿ ಅಂತೀನಿ.

ಈ ಸಲ ವಾಚನಾಲಯದಾಗ ಒಂದು ವಹಿ ಇಡೋಣ ಅಂತ ಪಂಚರಿಗೆ ಹೇಳೀನಿ. ನಮ್ಮೂರಾಗ ಯಾರು ಯಾವ ಪರೀಕ್ಷೆಗೆ ಎಷ್ಟು ವರ್ಷ ಕೊಟ್ಟರು, ಎಷ್ಟು ರೊಕ್ಕ ಹೋಯಿತು, ಬರೀಲಿ. ಮೊದಲ ಸಾಲು ನನ್ನದೇ: ಏಳನೇ ಇಯತ್ತೆ, ಜವಾನನ ಕೆಲಸಕ್ಕ ನೌಕರಿ ಕಾರ್ಡ್, ನವೀಕರಣಕ್ಕ ಒಂಬತ್ತು ವರ್ಷ ಬಸ್ಸಿನ ಖರ್ಚು, ಕರೆ ಒಂದೂ ಬರಲಿಲ್ಲ. ಆ ಕಾರ್ಡ್ ದಪ್ಪಿನ ಚೀಲದಾಗ ಇನ್ನೂ ಅದ, ಬೇಕಾದರೆ ಅಂಟಿಸ್ತೀನಿ.