ಉಬ್ಬರದ ವೇಳೆಯ ಮುಂಬಯಿ

ಹನ್ನೂರಿನ ಕರಿಮಣ್ಣಿನಲ್ಲಿ ಹುಟ್ಟಿ ಜೋಳದ ಹೊಲಗಳ ನಡುವೆ ಬೆಳೆದ ನಮಗೆ ಕಡಲೆಂದರೆ ಮುಂಬಯಿಯ ಕಡಲೇ. ೧೮೬೦ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದಿತು. ೧೮೬೩ರಲ್ಲಿ ಬೋರಘಾಟದ ಹಾದಿ ತೆರೆದ ಮೇಲೆ ಮುಂಬಯಿಯ ಪ್ರಯಾಣ ಸುಗಮವಾಯಿತು. ದುಡಿಮೆಗೆಂದೋ ನಂಟರ ಮದುವೆಗೆಂದೋ ಅಲ್ಲಿಗೆ ಹೋದ ನಾವು ಹಾಜಿ ಅಲಿಯ ದಂಡೆಯಲ್ಲಿ ನಿಂತು ಒಂದು ಸೋಜಿಗವನ್ನು ಕಾಣುತ್ತೇವೆ. ಇಳಿತದ ಹೊತ್ತಿನಲ್ಲಿ ಜನರು ನಡೆದುಹೋಗುವ ದರ್ಗೆಯ ಕಾಲುದಾರಿಯು ಉಬ್ಬರ ಹೆಚ್ಚಿದಾಗ ನೀರಿನಲ್ಲಿ ಮರೆಯಾಗುತ್ತದೆ. ದರ್ಗೆಯು ನಡುಗಡ್ಡೆಯಾಗಿ ನಿಲ್ಲುತ್ತದೆ. ಚಂದ್ರಸೂರ್ಯರ ಸೆಳೆತವು ಒಂದುಗೂಡುವ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಈ ಉಬ್ಬರವು ಬಲಿಯುತ್ತದೆ. ನಮ್ಮ ಮರಾಠಿ ನೆರೆಯವರು ಇದನ್ನೇ ಭರತಿ ಎನ್ನುವರು.

ನಾವು ನಿಂತ ಆ ದಂಡೆಗೂ ಒಂದು ಚರಿತ್ರೆಯುಂಟು. ಮುಂಬಯಿಯು ಮೊದಲು ಏಳು ದ್ವೀಪಗಳ ಗುಂಪಾಗಿದ್ದಿತು. ಮಹಾಲಕ್ಷ್ಮಿ ಮತ್ತು ವರಳಿಗಳ ನಡುವಣ ಸಂದಿಯಿಂದ ಉಬ್ಬರದ ನೀರು ಒಳನುಗ್ಗಿ ತಗ್ಗಿನ ನೆಲವನ್ನು ಮುಳುಗಿಸುತ್ತಿದ್ದಿತು. ವಿಲಿಯಂ ಹಾರ್ನ್‌ಬಿಯು ಗವರ್ನರನಾಗಿದ್ದ ಕಾಲದಲ್ಲಿ (೧೭೭೧–೧೭೮೪) ಆ ಸಂದಿಗೆ ಒಡ್ಡು ಹಾಕುವ ಕಾರ್ಯ ನಡೆಯಿತು. ಹಾರ್ನ್‌ಬಿ ವೆಲ್ಲಾರ್ಡ್ ಎಂದು ಹೆಸರಾದ ಆ ಒಡ್ಡಿನ ಮೇಲೆಯೇ ಇಂದು ಹಾಜಿ ಅಲಿಯ ರಸ್ತೆ ಸಾಗಿದೆ. ಮುಂದೆ ದ್ವೀಪಗಳು ಒಂದಾದವು. ನೀರಿದ್ದ ಎಡೆಯಲ್ಲಿ ನಗರವೆದ್ದಿತು.

ಆದರೆ ನೀರು ತನ್ನ ಠಾವನ್ನು ಮರೆಯಲಿಲ್ಲ. ೨೦೦೫ನೆಯ ಇಸವಿ ಜುಲೈ ೨೬ರಂದು ಆರಂಭವಾದ ಮಳೆಯು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರಿನಷ್ಟು ಸುರಿಯಿತು. ನಮ್ಮ ಸೊಲ್ಲಾಪುರ ಸೀಮೆಯಲ್ಲಿ ವರ್ಷವಿಡೀ ಬೀಳುವ ಸರಾಸರಿ ಮಳೆಯೂ ಅಷ್ಟಿಲ್ಲ! ಅದೇ ದಿನ ಕಡಲಿನ ಉಬ್ಬರವು ೪.೪೮ ಮೀಟರುಗಳಿಗೆ ಏರಿದ್ದಿತು. ಮೀಠೀ ನದಿಯು ಮಾಹೀಮಿನಲ್ಲಿ ಸಮುದ್ರವನ್ನು ಸೇರಬೇಕು. ಬಾಗಿಲಿನಲ್ಲಿಯೇ ಉಬ್ಬರವು ಅಡ್ಡ ನಿಂತಿದ್ದಿತು. ನದಿಯ ಪಾತ್ರವನ್ನೋ ಮನೆ ಕಾರಖಾನೆಗಳು ಎರಡೂ ಕಡೆಯಿಂದ ಒತ್ತಿದ್ದವು. ಹೋಗಲು ದಾರಿ ಕಾಣದ ನೀರು ಮನೆಗಳನ್ನು ಹೊಕ್ಕಿತು. ನೂರಾರು ಜನರು ಪ್ರಾಣ ಕಳೆದುಕೊಂಡರು. ಮಕ್ಕಳನ್ನು ಆ ನಗರಕ್ಕೆ ದುಡಿಯಲು ಕಳುಹಿಸಿದ ನಮ್ಮ ಮನೆಗಳಿಗೆ ಅದು ದೂರದ ಸುದ್ದಿಯಾಗಿರಲಿಲ್ಲ.

ಕಡಲಿಲ್ಲದ ನಾಡಿನವರಿಗೆ ಇದರಿಂದೇನು ಎಂದು ನಾವು ಸುಮ್ಮನಿರುವಂತಿಲ್ಲ. ೨೦೨೦ರ ಅಕ್ಟೋಬರದಲ್ಲಿ ಭೀಮೆಯೂ ಬೋರಿಯೂ ದಡ ಮೀರಿ ಹರಿದುದನ್ನು ನಮ್ಮ ಅಕ್ಕಲಕೋಟೆ ತಾಲೂಕು ಕಂಡಿದೆ. ಬೇಸಗೆಯಲ್ಲಿ ಬತ್ತಿದ ಹಳ್ಳವನ್ನು ಕಂಡು, ಇದು ಬರಿಯ ನೆಲವೆಂದು ಬದುವನ್ನು ಮುಂದಕ್ಕೆ ಸರಿಸುವವರು, ದಂಡೆಯಲ್ಲಿ ಗೋಡೆಯೆಬ್ಬಿಸುವವರು ನಮ್ಮಲ್ಲಿಯೂ ಇಲ್ಲವೇ? ಒಡ್ಡು ಕಟ್ಟುವುದು ತಪ್ಪಲ್ಲ. ನೀರಿಗೆ ಹಾದಿ ಬಿಡದೆ ಕಟ್ಟುವುದು ತಪ್ಪು. ಮಕ್ಕಳನ್ನು ಮುಂಬಯಿಗೆ ಕರೆದೊಯ್ಯುವ ಹಿರಿಯರು ಹಾಜಿ ಅಲಿಯ ದಂಡೆಯಲ್ಲಿ ಅವರಿಗೆ ಕಡಲನ್ನು ತೋರಿಸಲಿ. ಊರಿಗೆ ಮರಳಿದ ಮೇಲೆ ನಮ್ಮ ಹಳ್ಳದ ಹಾದಿಯನ್ನೂ ತೋರಿಸಲಿ.